ಅತ್ತೆಯ ಪಂಢರಪುರ, ಮಾಳಿಗೆಯ ಛತ್ರಿ

ನಮ್ಮ ಅತ್ತೆಯವರು ಸದಲಗಾಕ್ಕೆ ಸೊಸೆಯಾಗಿ ಬಂದಾಗಿನಿಂದ ಆಷಾಢ ಏಕಾದಶಿಯ ಪಂಢರಪುರ ತಪ್ಪಿಸಿದವರಲ್ಲ. ನಡೆದೇ ಹೋಗುತ್ತಿದ್ದರು. ತೊಂಬತ್ತರ ದಶಕದ ನಡುವೆ ಒಂದು ವರ್ಷ ಅವರ ಮೊಣಕಾಲು ಬಾತು, ಹೊಸ್ತಿಲು ದಾಟುವುದೇ ಕಷ್ಟವಾಯಿತು. ಅವರು ಅಳಲಿಲ್ಲ. ಊಟ ಮಾತ್ರ ಅರ್ಧಕ್ಕೆ ಇಳಿಸಿದರು.

ಏಕಾದಶಿಯ ಪೂಜೆಯನ್ನು ಮರಾಠಿ ಚಾನಲ್ಲಿನಲ್ಲಿ ತೋರಿಸುತ್ತಾರೆಂದು ನಮ್ಮ ಮನೆಯವರು ಕೇಳಿಕೊಂಡು ಬಂದರು. ಮಾಳಿಗೆಯ ಮೇಲೆ ಡಿಶ್ ಕೂಡಿಸುವುದೆಂದು ನಿಶ್ಚಯವಾಯಿತು. ನಮ್ಮ ಕಡೆ ಅದನ್ನು ಛತ್ರಿ ಎನ್ನುತ್ತಿದ್ದರು. ಹಬ್ಬಕ್ಕೆ ಇನ್ನೂ ಒಂದು ತಿಂಗಳಿತ್ತು. ಕಾಲು ನೆಟ್ಟಗಿದ್ದಾಗ ಅತ್ತೆಯವರು ಅಷ್ಟು ದಿನಗಳಲ್ಲಿ ಪಂಢರಪುರಕ್ಕೆ ನಡೆದು ಹೋಗಿ ನಡೆದೇ ತಿರುಗಿ ಬರುತ್ತಿದ್ದರು. ಛತ್ರಿಯವನು ಮಾತ್ರ ನಿಪ್ಪಾಣಿಯಿಂದ ಮೋಟರ್‌ಸೈಕಲ್ ಮೇಲೆ ಬರಬೇಕಿತ್ತು.

ನಾಳೆ ಬೆಳಿಗ್ಗೆ ಬರುತ್ತೇನೆ ಎಂದವನು ಎಂಟು ದಿನ ಬಿಟ್ಟು, ಮಧ್ಯಾಹ್ನ, ಸರಿಯಾಗಿ ನಾನು ಒಲೆಯ ಮೇಲೆ ರೊಟ್ಟಿಯ ಹಂಚು ಇಡುವ ಹೊತ್ತಿಗೆ ಬರುತ್ತಿದ್ದ. ಹಸಿದು ಬಂದವರನ್ನು ಹಾಗೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅದು ಅವನಿಗೂ ತಿಳಿದಿತ್ತು. ಮೊದಲ ಸಲ ಕಂಬ ನೆಟ್ಟು, ಉಂಡು, ಏನೋ ಒಂದು ಸಾಮಾನು ಕೊಲ್ಹಾಪುರದಿಂದ ಬರಬೇಕೆಂದು ಹೇಳಿ ಹೋದ. ಎರಡನೆಯ ಸಲ ಛತ್ರಿ ಕೂಡಿಸಿದ. ಟಿವಿಯಲ್ಲಿ ಎಳ್ಳು ಚೆಲ್ಲಿದಂತೆ ಬರೀ ಚುಕ್ಕಿ. ಹಿತ್ತಿಲ ನುಗ್ಗೆ ಗಿಡ ಅಡ್ಡ ಬರುತ್ತಿದೆ ಎಂದ. ಹದಿನಾಲ್ಕು ವರ್ಷ ಸಾರಿಗೆ ಕಾಯಿ ಕೊಟ್ಟ ಗಿಡ. ವಿಠ್ಠಲನ ಸಲುವಾಗಿ ಎಂದುಕೊಂಡು ಕಡಿಸಿದೆವು.

ಮೂರನೆಯ ಸಲ ಬಂದಾಗ ಆ ಗಿಡದ ಕೊನೆಯ ಕಾಯಿಗಳ ಸಾರನ್ನೇ ಅವನಿಗೆ ಬಡಿಸಿದೆ. ಭಾಳ ಹೊಗಳಿ ಎರಡು ಸಲ ಹಾಕಿಸಿಕೊಂಡ. ನನಗೆ ಅಷ್ಟರಲ್ಲಿ ಒಂದು ವಿಷಯ ಹೊಳೆದಿತ್ತು.

"ಅಣ್ಣಾರ, ಛತ್ರಿ ಮಾರಿ ದಕ್ಷಿಣಕ್ಕ ಐತಿ. ನುಗ್ಗಿ ಗಿಡ ಉತ್ತರಕ್ಕಿತ್ತಲ್ಲ?"

ಅವನು ಕಾಯಿಯನ್ನು ಚೀಪಿ ಮುಗಿಸಿದ. "ವೈನಿ, ಸಿಗ್ನಲ್ ಅಂದ್ರ ಗಾಳಿ ಇದ್ದಂಗ್ರಿ. ಸುತ್ತ ಹಾಕ್ಕೊಂಡ ಬರ್ತೈತಿ."

ಅವತ್ತು ಅರಿವೆ ಒಣಹಾಕುವ ತಂತಿಯನ್ನು ಬಿಚ್ಚಿಸಿ ಹೋದ. ಮನೆಯನ್ನೇ ಬಿಚ್ಚಿಸಲಿಲ್ಲವಲ್ಲ, ಅದು ದೇವರ ದಯೆ.

ನಾಲ್ಕನೆಯ ಸಲ ಬಂದದ್ದು ದಶಮಿಯ ದಿನ, ಅಂದರೆ ಹಬ್ಬಕ್ಕೆ ಒಂದೇ ದಿನ ಉಳಿದಾಗ. ಅವನು ಮಾಳಿಗೆಯ ಮೇಲೆ, ನಾನು ಮೆಟ್ಟಿಲ ಮೇಲೆ, ಅತ್ತೆಯವರು ಟಿವಿಯ ಮುಂದೆ. ಮೇಲಿನಿಂದ ಬಂತೇನು ಎಂಬ ಪ್ರಶ್ನೆ ಇಳಿಯುತ್ತಿತ್ತು, ಕೆಳಗಿನಿಂದ ಇಲ್ಲ ಎಂಬ ಉತ್ತರ ಏರುತ್ತಿತ್ತು. ನಡುವೆ ನಾನು ಅಂಚೆಯವಳು. ಅಷ್ಟರಲ್ಲಿ ಮಳೆ ಹನಿಯತೊಡಗಿತು.

"ಬಂತು ಅಂತ ಹೇಳಬೇ," ಎಂದರು ಅತ್ತೆ. "ಪಾಪ, ನೆನ್ಯಾಕತ್ತಾನ."

ಏಕಾದಶಿಯ ಹಿಂದಿನ ದಿನ ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಅತ್ತೆಯವರೇ ಕೂಗಿ ಹೇಳಿದರು. ಅವನು ನಟ್ಟುಗಳನ್ನೆಲ್ಲ ಬಿಗಿದು ಇಳಿದು ಬಂದು ನೋಡಿದ. ಅದೇ ಎಳ್ಳು. ಮತ್ತೆ ಹತ್ತಿದ. ಬಿಗಿದ ನಟ್ಟು ಸಡಿಲಾಗಲಿಲ್ಲ. ಸಿಟ್ಟಿಗೆದ್ದು ಛತ್ರಿಗೆ ಸುತ್ತಿಗೆಯಿಂದ ಒಂದು ಏಟು ಹಾಕಿದ ನೋಡಿ, ಚಿತ್ರ ಕನ್ನಡಿಯಂತೆ ಬಂತು. ಅವನು ತರುತ್ತಿದ್ದ ದಿಕ್ಕು ನೋಡುವ ಯಂತ್ರದಿಂದ ತಿಂಗಳಿಡೀ ಆಗದ್ದು ಸುತ್ತಿಗೆಯಿಂದ ಆಯಿತು.

ಧ್ವನಿ ಮಾತ್ರ ಬರಲಿಲ್ಲ. ಅದಕ್ಕೆ ಬೇರೆ ಸಾಮಾನು ಬೇಕಂತೆ, ಹಬ್ಬ ಆದಮೇಲೆ ತರುತ್ತಾನಂತೆ. ಏಕಾದಶಿ ನಾಳೆಯೇ ಇದೆಯಲ್ಲ ಎಂದೆ.

"ಮುಂದಿನ ವರ್ಷನೂ ಬರ್ತೈತಲ್ರಿ ವೈನಿ," ಎಂದು ಗಾಡಿಗೆ ಕಿಕ್ ಹೊಡೆದ.

ಏಕಾದಶಿಯ ಬೆಳಿಗ್ಗೆ ಅತ್ತೆಯವರು ಮಿಂದು, ತುಳಸಿಮಾಲೆ ಹಾಕಿಕೊಂಡು, ಟಿವಿಯ ಮುಂದೆ ದೀಪ ಹಚ್ಚಿಸಿ ಕುಳಿತರು. ಓಣಿಯ ಹೆಂಗಸರೂ ಬಂದರು. ಟಿವಿಯಲ್ಲಿ ಸಾವಿರಾರು ಜನ ಬಾಯಿ ತೆರೆದು ಹಾಡುತ್ತಿದ್ದರು, ತಾಳ ಕುಟ್ಟುತ್ತಿದ್ದರು. ಒಂದಿಷ್ಟೂ ಸಪ್ಪಳವಿಲ್ಲ. ಅತ್ತೆಯ ಮುಖ ಸಣ್ಣದಾದದ್ದನ್ನು ಕಂಡೆ. ಅವರು ಗೂಟದಲ್ಲಿದ್ದ ತಮ್ಮ ತಾಳವನ್ನು ಬೇಡಿದರು. ಟಿವಿಯೊಳಗಿನ ಕೈಗಳನ್ನು ನೋಡುತ್ತ ಹೊಂದಿಸಿ ಕುಟ್ಟಿದರು, ವಿಠ್ಠಲನ ಅಭಂಗ ಎತ್ತಿಕೊಂಡರು. ಒಬ್ಬೊಬ್ಬರಾಗಿ ನಾವೂ ಕೂಡಿಕೊಂಡೆವು. ಪಡಸಾಲೆ ತುಂಬಿತು.

ಆಮೇಲೆ ಹಾರ ಹಾಕಿಕೊಂಡ ದೊಡ್ಡ ಪುಢಾರಿಯೊಬ್ಬರು ಮೈಕಿನ ಮುಂದೆ ನಿಂತರು. ಕೈ ಬೀಸಿ ಬೀಸಿ ಬಹಳ ಹೊತ್ತು ಮಾತಾಡಿದರು. ಅತ್ತೆಯವರು ತಾಳ ನಿಲ್ಲಿಸಿದರು.

"ಇವಂದೂ ಕೇಳಸಂಗಿಲ್ಲೇನ?"

"ಇಲ್ರಿ ಅತ್ತಿ."

"ಹಂಗಾರ ಆ ತಮ್ಮಗ ಸಾಮಾನ ತರಬ್ಯಾಡ ಅಂತ ಹೇಳಿ ಕಳಸ."

ಮರುದಿನ ದ್ವಾದಶಿಯ ಪಾರಣೆಗೆ, ಅರ್ಧವೇ ಉಣ್ಣುತ್ತಿದ್ದ ಅವರು ತಾಟಿನಲ್ಲಿ ಒಂದು ಅಗಳನ್ನೂ ಬಿಡಲಿಲ್ಲ.