ಟ್ಯಾಂಕರ್ ಅಲ್ಲದ ಹಡಗು, ಅಂಬಾಬಾಯಿಯ ಕಾಲು

ಎಣ್ಣೆ ಸಾಗಿಸದ ಹಡಗಿನ ಹೊಟ್ಟೆಯಲ್ಲೂ ಎಣ್ಣೆ ಇರುತ್ತದೆ. ಸಕ್ಕರೆ ಹೇರಲಿ, ಸಿಮೆಂಟು ಹೇರಲಿ, ಅದಿರು ಹೇರಲಿ, ಹಡಗು ಓಡುವುದು ತಾನು ಕುಡಿಯುವ ಎಣ್ಣೆಯಿಂದಲೇ. ಅದೂ ಡಾಂಬರಿನ ಖಾಸಾ ತಮ್ಮನಂಥ ದಪ್ಪ ಕರಿ ಎಣ್ಣೆ. ಹಡಗಿನ ಹೊಟ್ಟೆ ಹರಿದರೆ ಅದು ದಂಡೆಗೆ ಬಂದು ಮೆತ್ತಿಕೊಳ್ಳುತ್ತದೆ. ಇದನ್ನು ತಿಳಿಯಲು ಕಾಲೇಜು ಮೆಟ್ಟಿಲು ಹತ್ತಬೇಕಿಲ್ಲ.

ಆದರೂ ಪುಣೆಯ ಒಂದು ಕಂಪನಿಗೆ ಇದು ಹೊಳೆದದ್ದು ತಡವಾಗಿ. ಸಮುದ್ರವೇ ಇಲ್ಲದ ಊರಲ್ಲಿ ಕೂತು ಸಮುದ್ರ ತೊಳೆದುಕೊಡುವ ಕಂಪನಿ ಅದು. ಮೊದಲು ಎಣ್ಣೆ ಟ್ಯಾಂಕರ್ ಮಾಲೀಕರಿಗೆ ಮಾತ್ರ ಅದರ ಸೇವೆ. ಆ ಮಾಲೀಕರು ಕಟ್ಟುನಿಟ್ಟು: ತರಬೇತಿ ಆದ ಜನ ಬೇಕು, ಮೈತುಂಬ ಸೂಟು ಬೇಕು, ಮೊಣಕಾಲುದ್ದ ಬೂಟು ಬೇಕು. ಎರಡು ಸಾವಿರದ ನಾಲ್ಕರ ಸುಮಾರಿಗೆ ಕಂಪನಿ ಉಳಿದ ಹಡಗುಗಳ ಮಾಲೀಕರಿಗೂ ಸೇವೆ ವಿಸ್ತರಿಸಿತು. ಇವರಿಗೆ ಬೇಕಾದದ್ದು ಅಗ್ಗ. ಅಗ್ಗದ ಪ್ಯಾಕೇಜು ತಯಾರು ಮಾಡಿದವಳು ಶರ್ವರಿ, ಧಾರವಾಡದ ಹುಡುಗಿ. ಸೂಟು ತೆಗೆದಳು, ಬೂಟು ತೆಗೆದಳು, ತರಬೇತಿ ಆದ ಜನರನ್ನೂ ತೆಗೆದಳು. ಖಾಲಿಯಾದ ಜಾಗಕ್ಕೆ ಅಂಬಾಬಾಯಿಯನ್ನು ಹಾಕಿದಳು.

ಅಂಬಾಬಾಯಿ ಆಳಂದದ ಕಡೆಯವಳು. ತೊಂಬತ್ತರ ಆಚೀಚೆ ಗಂಡ ಜಟ್ಟೆಪ್ಪನ ಬೆನ್ನು ಹಿಡಿದು ಪುಣೆಗೆ ಬಂದು ಡಾಂಬರು ಗ್ಯಾಂಗು ಸೇರಿದಳು. ಹಡಪಸರದ ರಸ್ತೆಗೆ ಜಲ್ಲಿಕಲ್ಲಿನ ಖಡಿ ಹೊತ್ತಳು, ಕಾತ್ರಜದ ರಸ್ತೆಗೆ ಡಾಂಬರು ಸುರಿದಳು. ಬಿಸಿ ರಸ್ತೆಯ ಮೇಲೆ ಚಪ್ಪಲಿ ಕರಗುತ್ತದೆ. ಅದಕ್ಕೇ ಆ ಜನ ಗೋಣಿತಟ್ಟು ಹರಿದು, ನೀರಲ್ಲಿ ಅದ್ದಿ, ಪಾದದಿಂದ ಮೀನಖಂಡದವರೆಗೆ ಸುತ್ತಿ ಬಿಗಿಯಾಗಿ ಕಟ್ಟಿಕೊಳ್ಳುತ್ತಾರೆ. ಅಷ್ಟು ವರ್ಷ ಅವಳ ಕಾಲನ್ನು ಕಾಪಾಡಿದ್ದು ಆ ಗೋಣಿಯೇ.

ಮಳೆಗಾಲದಲ್ಲಿ ರಸ್ತೆ ಕೆಲಸ ಬಂದ್. ಅಂಥ ಒಂದು ಮಳೆಗಾಲದಲ್ಲಿ ಬಂದ, ಗ್ಯಾಂಗಿಗೆ ಆಳು ಕೂಡಿಸುವ ಮುಕಾದಮ ಕಾಶಪ್ಪ.

"ಅಂಬಕ್ಕ, ಸಮುದ್ರ ನೋಡೀದಿ ಏನ?"

"ಇಲ್ಲಣ್ಣ."

"ತೋರಸ್ತೀನಿ ಬಾ. ಸಕ್ರಿ ಹಡಗೊಂದು ಬಂಡಿಗಲ್ಲಿಗಿ ಬಡಕೊಂಡಾದ. ದಂಡಿ ತುಂಬ ಡಾಂಬರ ಬಿದ್ದದ. ಬೆಂಕಿ ಇಲ್ಲ, ಬಿಸಿ ಇಲ್ಲ, ತಣ್ಣಗ ಬಳದು ಚೀಲಕ್ಕ ತುಂಬೂದು."

"ಅಂದ್ರ ಹಡಗಿಗಿ ಜುಲಾಬ ಹತ್ಯಾದ, ನಾವು ಕುಂಡಿ ತೊಳೀಬೇಕು" ಅಂದ ಜಟ್ಟೆಪ್ಪ. ಘಾಟು ಇಳಿಯುವವರೆಗೂ ಟ್ರಕ್ಕಿನಲ್ಲಿ ಅದೇ ನಗು.

ಕೊಂಕಣದ ದಂಡೆಗೆ ಇಳಿದವರೇ ಎಂದಿನಂತೆ ಎಲ್ಲರೂ ಗೋಣಿ ಹರಿದು ಕಾಲಿಗೆ ಕಟ್ಟಿಕೊಂಡರು. ಛತ್ರಿ ಹಿಡಿದು ನಿಂತಿದ್ದ ಶರ್ವರಿ ನೋಡಿದಳು.

"ಅವ್ವಾ, ಭಾಳ ಛಲೋ ಐಡಿಯಾ ಮಾಡೀರಿ" ಅಂದಳು. ಅಷ್ಟು ದೂರದ ಊರಲ್ಲಿ ಕನ್ನಡ ಕೇಳಿ ಅಂಬಾಬಾಯಿಗೆ ಜೀವ ತಂಪಾಯಿತು.

ಬಿಸಿ ಡಾಂಬರು ಗೋಣಿಯ ಮೇಲೆಯೇ ನಿಲ್ಲುತ್ತದೆ. ಈ ತಣ್ಣನೆಯ ಎಣ್ಣೆ ಹಾಗಲ್ಲ. ಗೋಣಿ ಅದನ್ನು ದೀಪದ ಬತ್ತಿಯ ಹಾಗೆ ಹೀರಿತು, ಹೀರಿ ಚರ್ಮಕ್ಕೆ ಒತ್ತಿ ಹಿಡಿಯಿತು. ಮೇಲೆ ಉಪ್ಪುನೀರು. ಕಟ್ಟಿಕೊಳ್ಳಲು ಬೇರೆ ಗೋಣಿ ಇಲ್ಲದ್ದಕ್ಕೆ ಮಲಗುವಾಗಲೂ ಬಿಚ್ಚಲಿಲ್ಲ. ಕಾಲು ಉರಿದಾಗ ಜಟ್ಟೆಪ್ಪ "ಉಪ್ಪಿಂದು, ಹೋಗ್ತದ" ಅಂದ. ಗೊತ್ತಿದ್ದವರು ಒಂದು ಮಾತು ಹೇಳಬಹುದಿತ್ತು. ಗೊತ್ತಿದ್ದವರು ಟ್ಯಾಂಕರ್ ಪ್ಯಾಕೇಜಿನಲ್ಲಿದ್ದರು.

ವಾರ ಕಳೆದ ಮೇಲೆ ಹಡಗಿನ ಮಾಲೀಕನ ಕಡೆಯವರು ನೋಡಲು ಬರುವ ಸುದ್ದಿ ಬಂತು. ಶರ್ವರಿ ಜೀಪಿನಿಂದ ಹಳದಿ ಬೂಟು ಇಳಿಸಿದಳು.

"ಅವ್ವಾ, ಫೋಟೋಕ್ಕ ಹಾಕ್ಕೋರಿ. ಗೋಣಿ ಚಂದ ಕಾಣಂಗಿಲ್ಲ."

ಅಂಬಾಬಾಯಿ ಗೋಣಿ ಬಿಚ್ಚಿದಳು. ಗೋಣಿಯ ಜೊತೆ ಚರ್ಮವೂ ಬಂತು. ಹಾಳೆಯಂತೆ ಸುಲಿದ ಆ ಕಾಲು ನೋಡಿ ಕಾಶಪ್ಪ ಮುಖ ತಿರುಗಿಸಿದ, ತಿರುಗಿಸಿಕೊಂಡೇ ಅವಳಿಗೆ ಬೂಟು ಏರಿಸಿದ. ಹಸಿ ಮಾಂಸ ರಬ್ಬರಿಗೆ ಉಜ್ಜಿತು.

"ಸ್ವಲ್ಪ ನಗ್ರಿ ಅವ್ವಾ."

ನಕ್ಕಳು. ಫೋಟೋ ಆಯಿತು. ಬಂದವರು ಹೋದರು. ಬೂಟು ಕಳಚಿದರು.

"ಇರಲಿ ಬಿಡ್ರಿ, ಹಾಕ್ಕೋತಾಳ" ಅಂದ ಜಟ್ಟೆಪ್ಪ.

"ಇಲ್ರಿ, ಇವು ಟ್ಯಾಂಕರ್ ಸೆಟ್ಟಿನವು. ವಾಪಸ್ ಇಡಬೇಕು" ಅಂದಳು ಶರ್ವರಿ. ಬೂಟಿನ ಒಳಗಿನ ರಕ್ತವನ್ನು ಜಟ್ಟೆಪ್ಪನ ಕೈಯಿಂದಲೇ ತೊಳೆಸಿದಳು.

ದೊಡ್ಡಾಸ್ಪತ್ರೆ ಕಾಲು ಉಳಿಸಿತು. ಹೊಸ ಚರ್ಮ ಮಾತ್ರ ಉಳ್ಳಾಗಡ್ಡಿ ಸಿಪ್ಪೆಯಷ್ಟು ತೆಳುವಾಗಿ ಬಂತು. ದೀಪಾವಳಿ ಮುಗಿದು ರಸ್ತೆ ಕೆಲಸ ಶುರುವಾದಾಗ ಅಂಬಾಬಾಯಿ ಬಿಸಿ ಖಡಿಯ ಮೇಲೆ ಕಾಲಿಟ್ಟಳು, ಚೀರಿ ಹಿಂದೆ ಸರಿದಳು. ಗ್ಯಾಂಗು ಮುಂದೆ ಹೋಯಿತು. "ನಿಂದ್ರಾಕ ಬರದವಳನ್ನ ಏನ್ ಮಾಡ್ಲಿ ಅಂಬಕ್ಕ?" ಅಂದ ಕಾಶಪ್ಪ. ಅವಳಿಗೆ ಬೇರೆ ಕೆಲಸ ಬಾರದು. ಕೆಲಸ ಇಲ್ಲದೆ ಕೂತು ಅಭ್ಯಾಸವೂ ಇಲ್ಲ.

ಗಂಡ ಹೆಂಡತಿ ಕಂಪನಿಯ ಆಫೀಸಿಗೆ ಹೋದರು. ಶರ್ವರಿ ಎದ್ದು ಬಂದಳು. "ಬರ್ರಿ, ಕೂಡ್ರಿ, ಚಾ ತಗೋರಿ." ಮರ್ಯಾದೆಯಲ್ಲಿ ಒಂದು ಕೂದಲೆಳೆಯ ಕೊರತೆ ಇಲ್ಲ.

ಗೋಡೆಯ ಮೇಲೆ ದೊಡ್ಡ ಫೋಟೋ. ಹಳದಿ ಬೂಟು, ನಗುವ ಬಾಯಿ.

"ಅಕ್ಕೋರ, ಇಕಿ ನಾನೇ ಅಲ್ರಿ?"

"ಹೌದ್ರಿ ಅವ್ವಾ. ಭಾಳ ಛಲೋ ಬಂದೀರಿ."

"ನಿಮ್ಮ ಗೋದಾಮಿನ್ಯಾಗ ಹೆಣ್ಮಕ್ಕಳು ಎಣ್ಣಿ ಹೀರೂ ಚೀಲ ಹೊಲೀತಾರಂತ. ಕುಂತು ಮಾಡೂ ಕೆಲಸ. ಅದೊಂದು ಕೊಡ್ರಿ. ಕಾಲಿಗಿ ದುಡ್ಡು ಕೇಳಾಕ ಬಂದಿಲ್ಲ."

ಶರ್ವರಿ ತಣ್ಣಗೆ ಹೇಳಿದಳು. "ನೀವು ಕಾಶಪ್ಪನ ಮಂದಿ, ನಮ್ಮವರಲ್ಲ. ಈಗ ತಗೊಂಡ್ರ ನಮ್ಮವರಂತ ಒಪ್ಪಿಕೊಂಡಂಗ ಆಗ್ತದ. ಮತ್ತ ಗೋಣಿ ಕಟ್ಕೋರಿ ಅಂತ ನಾವು ಹೇಳಿದ್ವೇನ್ರಿ?"

"ಛಲೋ ಐಡಿಯಾ ಅಂದಿದ್ರಲ್ರಿ."

"ಅಂದಿರಬೇಕು. ಚಾ ಆರ್ತದ, ಕುಡೀರಿ."

ಜಟ್ಟೆಪ್ಪ ಗೋಡೆ ತೋರಿಸಿದ. "ಹಂಗಾರ ಇಕೀನ್ನ ಅಲ್ಲಿಂದ ಇಳಸ್ರಿ. ನಿಮ್ಮಕಿ ಅಲ್ಲ ಅಂದ್ಮ್ಯಾಲ ಯಾಕ ನೇತ ಹಾಕೀರಿ?"

ಶರ್ವರಿಯ ಫೋನು ರಿಂಗಾಯಿತು. ಅವಳು ಎದ್ದು ಒಳಗೆ ಹೋದವಳು ಮತ್ತೆ ಹೊರಬರಲಿಲ್ಲ. ವಾಚಮನ್ ಬಂದು ಬಾಗಿಲು ತೆರೆದು ಹಿಡಿದ.

ಆ ಅಗ್ಗದ ಪ್ಯಾಕೇಜು ಈಗ ಚೆನ್ನಾಗಿ ನಡೆದಿದೆ. ಈ ಮಳೆಗಾಲಕ್ಕೂ ಕಾಶಪ್ಪ ಟ್ರಕ್ಕು ತುಂಬಿಸಿದ್ದಾನೆ. ಅಂಬಾಬಾಯಿ ತಗಡಿನ ಮನೆಯ ಹೊಸ್ತಿಲಲ್ಲಿ ಕೂತು, ನೆರೆಯವರ ಹರಿದ ಬಟ್ಟೆಗೆ ಟಾಕಿ ಹಾಕಿ ಹಾಕಿ ಸೂಜಿಗೆ ಕೈ ಪಳಗಿಸಿಕೊಂಡಿದ್ದಾಳೆ.

ಪುಣೆಯ ಸುತ್ತಿನ ಭೋಸರಿ, ಚಿಂಚವಡ, ರಾಂಜಣಗಾಂವದಲ್ಲಿ ಕಾರ್ಖಾನೆಯ ಶೆಡ್ಡು ಕಟ್ಟಿಕೊಂಡ, ಕನ್ನಡ ಸಂಘದ ಸಭೆಯಲ್ಲಿ ಮುಂದಿನ ಕುರ್ಚಿ ಹಿಡಿಯುವ ಯಜಮಾನರೇ, ನಿಮ್ಮಲ್ಲಿ ಕೂತು ಮಾಡುವ ಕೆಲಸವಿದೆ. ನಾಳೆಯೇ ಆ ಹೊಸ್ತಿಲಿಗೆ ಹೋಗಿ ಅವಳನ್ನು ಕರೆದು ತನ್ನಿ. ತರುವುದಿಲ್ಲವಾದರೆ ಅದನ್ನೂ ಅಲ್ಲಿಗೇ ಹೋಗಿ ಹೇಳಿ, ಅವಳ ಕಾಲು ನೋಡಿಕೊಂಡು ಹೇಳಿ.