ಸಿಡಿಲು ಓಡಿಸುವ ಗಂಟೆ

ನಿಪ್ಪಾಣಿಯಲ್ಲಿ ಹಿತ್ತಾಳೆ ಸಾಮಾನಿನ ಅಂಗಡಿ ನಡೆಸಿದ ಇಷ್ಟು ವರ್ಷಗಳಲ್ಲಿ ನಾನು ಹೇಳಿದ ಸುಳ್ಳುಗಳೆಲ್ಲ ಸಣ್ಣವು, ಒಂದನ್ನು ಬಿಟ್ಟು.

ಎಂಬತ್ತರ ದಶಕದ ಕೊನೆ. ಏಕಸಂಬಿಯ ಆಚೆ ದಿಬ್ಬದ ಮೇಲಿರುವ ಬೀರಪ್ಪನ ಗುಡಿಗೆ ಗಂಟೆ ಕೊಳ್ಳಲು ಪೂಜಾರಿ ಮಲ್ಲಪ್ಪಜ್ಜ ಬಂದಿದ್ದ. ಗುಡುಗುವಾಗ ಗಂಟೆ ಬಾರಿಸಿದರೆ ಸಿಡಿಲು ಆಚೆ ಸರಿಯುತ್ತದೆಂದು ಅವನ ಹಿರಿಯರ ನಂಬಿಕೆ. ಸಣ್ಣದೋ ದೊಡ್ಡದೋ ಎಂದು ಅವನು ಅನುಮಾನಿಸುತ್ತಿದ್ದಾಗ ನಾನು ದೊಡ್ಡದನ್ನೇ ಬಡಿದು, "ಅಜ್ಜಾರ, ಇದರ ಸಪ್ಪಳಕ್ಕ ಸಿಡ್ಲು ಕಾಗವಾಡ ದಾಟಿ ಓಡತೈತಿ ನೋಡ್ರಿ" ಎಂದೆ. ದೊಡ್ಡದೇ ಹೋಯಿತು.

ಅದೇ ವಾರ ತಂಬಿಗೆ ಕೊಳ್ಳಲು ಬಂದ ನಿವೃತ್ತ ವಿಜ್ಞಾನ ಮಾಸ್ತರರಿಗೆ ಈ ವ್ಯಾಪಾರವನ್ನು ಜಂಭದಿಂದ ಹೇಳಿದೆ. ಅವರು ನಗಲಿಲ್ಲ. ಯುರೋಪಿನ ಚರ್ಚುಗಳಲ್ಲೂ ಹಿಂದೆ ಹೀಗೇ ಬಾರಿಸುತ್ತಿದ್ದರಂತೆ. ಗಂಟೆಯ ಸದ್ದಿಗೆ ಮೋಡ ಒಡೆಯುತ್ತದೆಂದು ಕೆಲವರು, ಗಾಳಿಯಲ್ಲಿರುವ ಪಿಶಾಚಿ ಓಡುತ್ತದೆಂದು ಕೆಲವರು. 'ಸಿಡಿಲನ್ನು ಮುರಿಯುತ್ತೇನೆ' ಎಂದು ಗಂಟೆಯ ಮೇಲೇ ಕೆತ್ತಿಸುತ್ತಿದ್ದರಂತೆ. ಸಿಡಿಲು ಮಾತ್ರ ಊರಿಗೆಲ್ಲ ಎತ್ತರದ ಗೋಪುರವನ್ನೇ ಹುಡುಕಿ ಬರುತ್ತಿತ್ತು. ಕೆಳಗೆ ಒದ್ದೆ ಹಗ್ಗ ಹಿಡಿದು ನಿಂತವನು ಸಾಯುತ್ತಿದ್ದ. ಕೊನೆಗೆ ಹಲವು ಕಡೆ ಸರಕಾರವೇ ಬಾರಿಸಬೇಡಿರೆಂದು ಹುಕುಂ ಹೊರಡಿಸಿತಂತೆ.

ನನಗೆ ದಿಬ್ಬ ನೆನಪಾಯಿತು. ಬೇಸಿಗೆಯ ಗುಡುಗುಮಳೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಮರುದಿನವೇ ಏಕಸಂಬಿಯ ಬಸ್ಸು ಹಿಡಿದೆ.

ಗಂಟೆಯನ್ನು ಗುಡಿಯ ಮುಂದೆ, ಬಯಲಲ್ಲಿ, ಎತ್ತರದ ಕಂಬಕ್ಕೆ ಕಟ್ಟಿ ಕಾಯಿ ಒಡೆದಾಗಿತ್ತು. ದೇವರಿಗೆ ಕೊಟ್ಟದ್ದನ್ನು ಅಂಗಡಿಗೆ ವಾಪಸು ತರುವಂತಿಲ್ಲ. ಯುರೋಪಿನ ಕತೆಯನ್ನೆಲ್ಲ ಹೇಳಿದೆ. ಅಜ್ಜ ತಂಬಾಕು ತಿಕ್ಕುತ್ತ ಕೇಳಿ, "ಏನ್ರಿ ಸಾವಕಾರ್ರ, ಮಾರೂ ಮುಂದ ಒಂದು ನಾಲಿಗಿ, ಮಾರಿದ ಮ್ಯಾಲ ಒಂದು ನಾಲಿಗಿ?" ಎಂದ.

ನಿಮಗೊಂದು ಬುದ್ಧಿಮಾತು: ಗಿರಾಕಿಗೆ ಬೇಡವಾದ ಸತ್ಯವನ್ನು ಎಂದೂ ಬಿಡಿಯಾಗಿ ಮಾರಲು ಹೋಗಬೇಡಿ. ಅವನಿಗೆ ಬೇಕಾದದ್ದರ ಜೊತೆ ಸೇರಿಸಿ ಕೊಡಿ. ನಾನು ಚೌಕಾಶಿಗೆ ಇಳಿದೆ.

"ಹೋಗ್ಲಿ ಅಜ್ಜಾರ, ಬಾರಿಸ್ರಿ. ಆದ್ರ ಗುಡುಗಿನಾಗ ಬೀರಪ್ಪಗ ನಿಮ್ಮ ಗಂಟಿ ಹೆಂಗ ಕೇಳಬೇಕು? ಮೋಡ ಕಟ್ಟೂದ ತಡ ಬಾರಿಸ್ರಿ. ಮೊದಲ್ನೇ ಗುಡುಗಿಗೆ ಹಗ್ಗ ಬಿಟ್ಟು ಮನಿ ಸೇರ್ರಿ."

ಅಜ್ಜ ತಿಕ್ಕಿದ ತಂಬಾಕನ್ನು ಬಾಯಿಗೆ ಹಾಕಿಕೊಂಡ. "ಅದೂ ಖರೇನ. ಗದ್ದಲದಾಗ ಕರದ್ರ ಯಾರ ಓ ಅಂತಾರ?"

ತಿಂಗಳೊಳಗೆ ಸುದ್ದಿ ಬಂತು: ಬೀರಪ್ಪನ ಗುಡಿಯ ಗಂಟೆಗೆ ಸಿಡಿಲು ಬಡಿದಿದೆ. ಅಂಗಡಿ ಮುಚ್ಚಿ ಓಡಿದೆ. ಕಂಬ ಸೀಳಿತ್ತು, ಹಗ್ಗ ಸುಟ್ಟಿತ್ತು. ಮೋಡ ಕಟ್ಟಿದಾಗಲೇ ಗಂಟೆ ಕೇಳಿದ ಕುರುಬರು ಕುರಿ ಹೊಡೆದುಕೊಂಡು ಊರು ಸೇರಿದ್ದರು. ಮೊದಲ ಗುಡುಗಿಗೆ ಅಜ್ಜನೂ ಗೊಣಗುತ್ತ ಕೆಳಗಿಳಿದಿದ್ದ. ಈಗ ಹತ್ತು ಜನರ ಮುಂದೆ ಕೈ ಬೀಸಿ ಹೇಳುತ್ತಿದ್ದ: "ಸಿಡ್ಲು ನಮ್ಮ ಮ್ಯಾಲ ಬರಾಕತ್ತಿತ್ತು. ಗಂಟಿ ತನ್ನ ಮೈಮ್ಯಾಲ ತಗೊಂಡೈತಿ! ಕೇಳ್ರಿ ಬೇಕಾರ, ಸಾವಕಾರ್ರ ಬಂದಾರ."

ಅದು ಹಾಗಲ್ಲ ಎನ್ನಲು ಬಾಯಿ ತೆರೆದೆ. ಆಮೇಲೆ ಮುಚ್ಚಿಕೊಂಡೆ. ಎದುರಿನವನು ಬದುಕಿದ್ದು ವಾದಿಸುತ್ತಿದ್ದರೆ, ಆ ವಾದದಲ್ಲಿ ಸೋಲುವುದೇ ಲಾಭ.