ಟವೆಲು ಹಾಕಿದ ಸೀಟು

ವಾರವಿಡೀ ಲ್ಯಾಬಿನಲ್ಲಿ ಒಂದು ಹರಳನ್ನು ತಣಿಸುತ್ತ ನಿಂತು ನನ್ನ ಕಾಲು ಸೋತಿತ್ತು. ತೀರ ತಣ್ಣಗಾದಾಗ ಅದರೊಳಗಿನ ಎಲೆಕ್ಟ್ರಾನು ಒಂದು ಖಾಲಿ ಜಾಗಕ್ಕೆ ಅಂಟಿಕೊಂಡು ಜೋಡಿಯಾಗುತ್ತದೆ, ಆಮೇಲೆ ಕರೆಂಟು ಹರಿಯುವುದಿಲ್ಲ. ಹಾಗೆಂದು ನಮ್ಮ ಊಹೆ. ಹರಳು ಇನ್ನೂ ಒಪ್ಪಿಲ್ಲ.

ಬ್ರಹ್ಮಾವರದಲ್ಲಿ ಕುಂದಾಪುರದ ಬಸ್ಸು ಹತ್ತಿದರೆ ಒಂದೇ ಸೀಟು ಖಾಲಿ. ಅದರ ಮೇಲೆ ಟವೆಲು, ಪಕ್ಕದಲ್ಲಿ ಒಬ್ಬ ಹಿರಿಯರು.

"ಹ್ವಾಯ್, ಅಲ್ಲ್ ಜನ ಇತ್ತ್" ಎಂದರು.

"ಯಾರೂ ಇಲ್ಲವಲ್ಲ?"

"ಭಾವ ಸಾಲಿಗ್ರಾಮದಲ್ಲ್ ಹತ್ತುಕಿತ್ತ್."

ಸಾಲಿಗ್ರಾಮದಲ್ಲಿ ಹತ್ತಿದವರಲ್ಲಿ ಭಾವ ಇರಲಿಲ್ಲ. ಹತ್ತಿದವರೆಲ್ಲ ನನ್ನ ಮೈಮೇಲೆಯೇ ನಿಂತರು.

"ಟವೆಲ್ ತೆಗೀನಿ ಮಾರ್ರೆ, ಜನ ನಿಂತಿದ್ರ್" ಎಂದು ಕಂಡಕ್ಟರ್ ರೇಗಿದ.

"ಕೋಟದಲ್ಲ್ ಬಕ್ಕ್" ಎಂದು ಅವರು ಟವೆಲಿನ ಮೇಲೆ ಕೈಯಿಟ್ಟರು.

ನಮ್ಮ ಹರಳನ್ನು ಬಿಸಿ ಮಾಡಿದರೆ ಜೋಡಿ ಬಿಟ್ಟುಕೊಳ್ಳಬೇಕು. ಇಲ್ಲಿ ಕಂಡಕ್ಟರ್ ಎಷ್ಟು ಬಿಸಿಯಾದರೂ ಆ ಕೈ ಸೀಟು ಬಿಡಲಿಲ್ಲ. ಕೋಟದಲ್ಲೂ ಭಾವ ಬರಲಿಲ್ಲ. ನಾನು ಕಂಬಿಗೆ ಹಣೆಯಾನಿಸಿ ಕಣ್ಣು ಮುಚ್ಚಿದೆ.

ಬಸ್ಸು ನಿಂತಾಗ ಯಾರೋ ಭುಜ ಮುಟ್ಟಿದರು. ಅವರೇ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡಿದ್ದರು.

"ಬಚ್ಚಿದ್ರಿ ಕಾಣತ್ತ್. ಈಗ ಕೂಕಣಿ." ನನ್ನ ಸುಸ್ತು ಅವರಿಗೂ ಕಂಡಿತ್ತು.

ಕುಂದಾಪುರ ಬಂದಿತ್ತು. ಬಸ್ಸು ಅಲ್ಲಿಂದ ಮುಂದೆ ಹೋಗುವುದಿಲ್ಲ. ಆದರೂ ಒಂದು ನಿಮಿಷ ಕೂತೆ.